ಹಳ್ಳದ ದಡಕ್ಕೆ ಸೋಲಾರ್ ಝಟ್ಕಾ ಕಿಟ್: ಮಷೀನು ಇಟ್ಟುಕೊಳ್ಳಿ, ಅರ್ತಿಂಗ್ ಸಲಾಕೆ ಗುಜರಿಗೆ ಹಾಕಿ

ತುಮಕೂರಿನ ಬಿ.ಎಚ್. ರಸ್ತೆಯಿಂದ ಹಿಡಿದು ಶಿರಾ, ಮಧುಗಿರಿ, ಪಾವಗಡದವರೆಗೆ ಕೃಷಿ ಸಾಮಾನಿನ ಯಾವ ಅಂಗಡಿಗೆ ಹೋದರೂ ಈಗ ಹೆಚ್ಚುಕಮ್ಮಿ ಒಂದೇ ನಮೂನೆಯ ಪೆಟ್ಟಿಗೆ ತೋರಿಸುತ್ತಾರೆ. ಒಳಗೆ ಬೇಲಿಯ ತಂತಿಗೆ ಬಿಟ್ಟು ಬಿಟ್ಟು ಕರೆಂಟಿನ ಹೊಡೆತ ಕೊಡುವ ಝಟ್ಕಾ ಮಷೀನು, 12 ವೋಲ್ಟ್ ಬ್ಯಾಟರಿ, ಚಿಕ್ಕದೊಂದು ಸೋಲಾರ್ ಪ್ಯಾನೆಲ್, ತಂತಿಯ ಕರೆಂಟು ಕಂಬಕ್ಕೆ ಹಾಯದಂತೆ ತಡೆಯುವ ಇನ್ಸುಲೇಟರ್ ಒಂದು ಚೀಲ, ನೆಲಕ್ಕೆ ಹೊಡೆಯುವ ಅರ್ತಿಂಗ್ ಸಲಾಕೆ ಒಂದು, ತಂತಿ ಕಡಿದರೆ, ಕರೆಂಟು ಸೋರಿದರೆ ಕೂಗುವ ಸೈರನ್. ಜೂಲ್, ಅಂದರೆ ಒಂದೊಂದು ಹೊಡೆತದ ಶಕ್ತಿ, ಹೆಚ್ಚಿದಂತೆ ಬೆಲೆಯೂ ಏರುತ್ತದೆ. ಸುಮಾರಾಗಿ ಏಳೆಂಟು ಸಾವಿರದಿಂದ ಹದಿನೈದು ಸಾವಿರ ರೂಪಾಯಿ. ಹೊಲಕ್ಕೆ ಹಂದಿ ನುಗ್ಗದಿರಲಿ ಅಂತ ಇದನ್ನು ಕೊಳ್ಳುವವರೇ ಜಾಸ್ತಿ, ಅಂಗಡಿಯವರ ವಿವರಣೆಯೂ ಅಷ್ಟಕ್ಕೇ ನಿಲ್ಲುತ್ತದೆ. ಇಲ್ಲಿ ನೋಡುತ್ತಿರುವುದು ಬೇರೆ ಕೆಲಸ: ಮೇವಿನ ಜಮೀನಿನ ನಡುವೆ ಹಾದುಹೋಗುವ ಹಳ್ಳದ ದಡಕ್ಕೆ ದನ, ಕುರಿ ಬೇಕೆಂದಾಗ ಇಳಿಯದಂತೆ ಮಾಡಲು ಈ ಕಿಟ್ ಆದೀತೇ ಅಂತ.

ಆಗುತ್ತದೆ, ಆದರೆ ಪೆಟ್ಟಿಗೆಯಲ್ಲಿ ಬಂದ ಹಾಗೇ ಕಟ್ಟಿದರೆ ಆಗುವುದಿಲ್ಲ. ಮಷೀನಿಗೆ ಐದರಲ್ಲಿ ನಾಲ್ಕು ಅಂಕ, ಬ್ಯಾಟರಿಗೆ ಎರಡು, ಅರ್ತಿಂಗ್ ಸಲಾಕೆಗೆ ಸೊನ್ನೆ. ದುಡ್ಡು ಬಿಗಿಯಾಗಿದ್ದರೆ ಮೊದಲು ಕೊಳ್ಳಬೇಕಾದದ್ದು ಮಷೀನೇ ಅಲ್ಲ, ನೀರಿನ ತೊಟ್ಟಿ.

ದಡ ಹೇಗೆ ಹಾಳಾಗುತ್ತದೆ ಅಂತ ನೋಡಬೇಕಾದರೆ ಹಸ್ತೆ ಮಳೆ ಬಿದ್ದ ಮಾರನೇ ದಿನ ಹಳ್ಳಕ್ಕೆ ಹೋಗಬೇಕು. ದನ ಇಳಿಯುವ ಜಾಗದಲ್ಲಿ ದಡದ ತುದಿ ಗೊರಸಿನಗಲದ ತುಂಡುಗಳಾಗಿ ಒಡೆದು ಅರ್ಧ ಅಡಿ ಕೆಳಕ್ಕೆ ಕೂತಿರುತ್ತದೆ. ತುಂಡಿನ ಮೇಲೆ ಗರಿಕೆ ಹಸಿರಾಗೇ ಇರುತ್ತದೆ, ಬೇರು ಮಾತ್ರ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಮುಂದಿನ ಹದ ಮಳೆಗೆ ಅಷ್ಟೂ ನೀರಿನ ಪಾಲು. ನಮ್ಮ ಕಡೆಯ ಕೆಂಪು ಮರಳುಮಣ್ಣು ಒಣಗಿದಾಗ ಕಲ್ಲಿನ ಹಾಗೆ, ನೆನೆದಾಗ ಬೆಣ್ಣೆಯ ಹಾಗೆ. ಹಾಗಾಗಿ ವರ್ಷದ ಬಹುಪಾಲು ಹಾನಿ ಆಗುವುದು ನೀರು ಹರಿಯುವ ಆ ಕೆಲವೇ ವಾರಗಳಲ್ಲಿ, ಹುಬ್ಬೆಯಿಂದ ಸ್ವಾತಿಯವರೆಗೆ, ಅಂದರೆ ಹೆಚ್ಚುಕಮ್ಮಿ ಸೆಪ್ಟೆಂಬರಿನಿಂದ ನವೆಂಬರ್ ಮೊದಲ ವಾರದವರೆಗೆ. ಬೇಸಿಗೆಯಲ್ಲಿ ಒಣ ಮರಳಿನ ಮೇಲೆ ದನ ಓಡಾಡಿದರೆ ದಡಕ್ಕೆ ಆಗುವ ನಷ್ಟ ಅದರ ಮುಂದೆ ಕಮ್ಮಿ. ಬೇಲಿ ಎಲ್ಲಿ, ಎಷ್ಟು ದಿನ, ಯಾವಾಗ ಅನ್ನುವ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ತೊಟ್ಟಿಯ ಮಾತು. ದನ ಹಳ್ಳಕ್ಕೆ ಇಳಿಯುವುದು ನೀರಿಗೆ, ನೆರಳಿಗೆ, ಹಸಿರು ಮೇವಿಗೆ. ಈ ಮೂರರಲ್ಲಿ ನೀರನ್ನು ಮೇಲಕ್ಕೆ ತಂದರೆ ಅರ್ಧ ಬೇಲಿ ಕಟ್ಟಿದ ಹಾಗೇ. ಅಮೆರಿಕದ ವರ್ಜೀನಿಯಾದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಲಿಯೇ ಇಲ್ಲದೆ ಬರೀ ತೊಟ್ಟಿ ಇಟ್ಟು ನೋಡಿದ್ದರು. ಎರಡೂ ಸಿಗುವಾಗ ದನಗಳು ನೂರಕ್ಕೆ 92 ಪಾಲು ತೊಟ್ಟಿಯಲ್ಲೇ ಕುಡಿದವು, ದಡದ ಸವೆತ ನೂರಕ್ಕೆ 77ರಷ್ಟು ಇಳಿಯಿತು. ಅಲ್ಲಿಯ ಹಸಿರು ಹುಲ್ಲುಗಾವಲಿಗೂ ಪಾವಗಡದ ಬಯಲಿಗೂ ಅಜಗಜಾಂತರ ಇದೆ, ನಿಜ. ಆದರೆ ಕೆಸರಲ್ಲಿ ಕಾಲು ಹೂತು ಕುಡಿಯುವುದಕ್ಕಿಂತ ಗಟ್ಟಿ ನೆಲದ ಮೇಲೆ ನಿಂತು ತಿಳಿನೀರು ಕುಡಿಯುವುದು ದನಕ್ಕೆ ಎಲ್ಲಿದ್ದರೂ ಇಷ್ಟ.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಬೇಸಿಗೆಯಲ್ಲಿ ಕರೆಯುವ ಸೀಮೆಹಸುವಿಗೆ ದಿನಕ್ಕೆ 70 ಲೀಟರ್ ಹಿಡಿಯಿರಿ (ಹಾಲು ಜಾಸ್ತಿಯಿದ್ದರೆ ಇನ್ನೂ ಮೇಲೆ ಹೋಗುತ್ತದೆ), ಹಳ್ಳಿಕಾರಿಗೆ 40, ಕುರಿಗೆ 5. ನಾಲ್ಕು ಸೀಮೆಹಸು, ಆರು ಹಳ್ಳಿಕಾರು, ನಲವತ್ತು ಕುರಿ ಇರುವ ಮನೆಗೆ 280, 240, 200 ಸೇರಿ ದಿನಕ್ಕೆ 720 ಲೀಟರ್. ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಒಂದು ಸಾಕು. ಎಡವುವುದು ಆ ಟ್ಯಾಂಕಿನಿಂದ ನೀರು ಬಂದು ಬೀಳುವ, ದನ ಬಾಯಿ ಹಾಕುವ ತೊಟ್ಟಿಯ ವಿಷಯದಲ್ಲಿ. ದನ ಒಂದೊಂದಾಗಿ ಬರುವುದಿಲ್ಲ; ಮಧ್ಯಾಹ್ನ ಎಲ್ಲವೂ ಒಟ್ಟಿಗೆ ಬಂದು ಇಪ್ಪತ್ತು ನಿಮಿಷದಲ್ಲಿ ದಿನದ ಅರ್ಧ ನೀರು ಕುಡಿದು ಹೋಗುತ್ತವೆ. ಅಂದರೆ 360 ಲೀಟರ್. ಬಾವಿಗೆ ಹಾಕುವ ನಾಲ್ಕಡಿ ಅಗಲ, ಒಂದಡಿ ಎತ್ತರದ ಸಿಮೆಂಟ್ ರಿಂಗಿಗೆ ತಳ ಹಾಕಿಸಿ ಮುಕ್ಕಾಲು ತುಂಬಿಸಿದರೆ ಸುಮಾರು 265 ಲೀಟರ್ ನಿಲ್ಲುತ್ತದೆ. ಉಳಿದದ್ದು ಆ ಇಪ್ಪತ್ತು ನಿಮಿಷದೊಳಗೆ ಪೈಪಿನಿಂದ ಬರಬೇಕು. ಅದಕ್ಕೆ ನಿಮಿಷಕ್ಕೆ 5 ಲೀಟರ್ ಹರಿವು ಬೇಕೇ ಬೇಕು. 15 ಲೀಟರಿನ ಬಕೆಟ್ ಹಿಡಿದು ನೋಡಿ, ಮೂರು ನಿಮಿಷದೊಳಗೆ ತುಂಬದಿದ್ದರೆ ಹಿಂದೆ ನಿಂತ ದನ ಕಾಯುವುದಿಲ್ಲ, ನೇರ ಹಳ್ಳದ ದಾರಿ ಹಿಡಿಯುತ್ತದೆ.

ಬಕೆಟ್ ತುಂಬದಿರಲು ಕಾರಣ ಹೆಚ್ಚಾಗಿ ಫ್ಲೋಟ್ ವಾಲ್ವ್, ತೊಟ್ಟಿ ತುಂಬಿದಾಗ ನೀರನ್ನು ತಾನೇ ನಿಲ್ಲಿಸುವ ತೇಲುಗುಂಡಿನ ವಾಲ್ವ್. ಅಂಗಡಿಯಲ್ಲಿ ಅರ್ಧ ಇಂಚಿನದು ಕೇಳಿದರೆ ನಲ್ಲಿ ಒತ್ತಡಕ್ಕೆ ಮಾಡಿದ ಸಣ್ಣ ತೂತಿನದ್ದು ಕೊಟ್ಟು ಕಳಿಸುತ್ತಾರೆ. ಒಂದೂವರೆ ಮೀಟರ್ ಎತ್ತರದ ಟ್ಯಾಂಕಿನಿಂದ ಇಳಿಯುವ ನೀರಿಗೆ ಸಿಗುವ ಒತ್ತಡ ಬರೀ 0.15 ಬಾರ್. ಅದಕ್ಕೆ ದೊಡ್ಡ ತೂತಿನ, ಕಮ್ಮಿ ಒತ್ತಡದ ವಾಲ್ವ್ ಅಂತ ಬಿಡಿಸಿ ಕೇಳಬೇಕು, ಪೈಪು ಒಂದು ಇಂಚಿನ ಕಪ್ಪು ಎಚ್‌ಡಿಪಿಇ ಆಗಿರಬೇಕು. ವಾಲ್ವ್ ತೆರೆದಿಟ್ಟರೆ ಹಳ್ಳಿಕಾರಿನ ಕೊಂಬು ಸಿಕ್ಕಿ ಹಿತ್ತಾಳೆ ಕಡ್ಡಿ ವಾರದೊಳಗೆ ಬಾಗುತ್ತದೆ; ಆಮೇಲೆ ವಾಲ್ವ್ ಮುಚ್ಚುವುದಿಲ್ಲ, ಟ್ಯಾಂಕೆಲ್ಲ ಖಾಲಿ, ಸುತ್ತ ಕೆಸರು. ತೊಟ್ಟಿಯ ಒಂದು ಮಗ್ಗುಲಿಗೆ ಅಡ್ಡಗೋಡೆ ಕಟ್ಟಿ ಚಪ್ಪಡಿ ಮುಚ್ಚಿದರೆ ಮುಗಿಯಿತು. ಗೋಡೆಯ ಬುಡದಲ್ಲಿ ನೀರು ಹಾಯಲು ತೂತು ಬಿಡುವುದನ್ನು ಮೇಸ್ತ್ರಿ ಮರೆಯದ ಹಾಗೆ ನೋಡಿಕೊಳ್ಳಿ.

ಜಾಗ ಹಳ್ಳದಿಂದ ಕಮ್ಮಿಯೆಂದರೆ 150 ಮೀಟರ್ ದೂರ, ಮೇಲುನೆಲದಲ್ಲಿ, ಆದರೆ ಹೊಂಗೆಯೋ ಬೇವೋ ಇದ್ದು ನೆರಳು ಸಿಗುವ ಕಡೆ. ತೊಟ್ಟಿಯ ಸುತ್ತ ಮೂರು ಮೀಟರ್ ಅಗಲಕ್ಕೆ ಅರ್ಧ ಅಡಿ ಜಲ್ಲಿ ಹಾಸಿ ಗಟ್ಟಿ ಮಾಡಬೇಕು. ನೆಕ್ಕುವ ಲವಣದ ಇಟ್ಟಿಗೆಯನ್ನೂ ಹಳ್ಳದಿಂದ ದೂರವೇ ಕಟ್ಟಿ, ತೊಟ್ಟಿಯ ಪಕ್ಕಕ್ಕೇ ಬೇಡ. ಎರಡೂ ಒಂದೇ ಕಡೆ ಇದ್ದರೆ ದನ ಅಲ್ಲೇ ಬೀಡುಬಿಟ್ಟು ನೆಲವನ್ನು ಕುಟ್ಟಿ ಪುಡಿ ಮಾಡುತ್ತವೆ. ಹದಿನೈದು ದಿನಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಉಜ್ಜಿ, ಒಳಗೋಡೆಗೆ ಸುಣ್ಣ ಹೊಡೆಯುವ ಹಳೇ ರೂಢಿ ಇದೆಯಲ್ಲ, ಅದನ್ನು ಬಿಡಬೇಡಿ. ಪಾಚಿ ಕಮ್ಮಿಯಾಗುತ್ತದೆ, ಬಸವನಹುಳು ಕೂರುವುದಿಲ್ಲ. ದನ, ಕುರಿಯ ಈಲಿ ತಿನ್ನುವ ಎಲೆಯಾಕಾರದ ಚಪ್ಪಟೆ ಹುಳು ಬೆಳೆಯುವುದು ಆ ಬಸವನಹುಳುವಿನ ಮೈಯೊಳಗೇ. ಹಳ್ಳದ ನಿಂತ ನೀರಿನಂಚಿನ ಹುಲ್ಲು ಮೇಯ್ದ ಕುರಿಗೆ ಗಂಟಲ ಕೆಳಗೆ ನೀರು ತುಂಬಿ ಊದಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ದಡಕ್ಕೆ ಬೇಲಿ ಹಾಕಿದ ಮೇಲೆ ಔಷಧಿ ಖರ್ಚು ಇಳಿಯಿತು ಅಂತ ಯಾರಾದರೂ ಹೇಳಿದರೆ ನಂಬಬಹುದು.

ತೊಟ್ಟಿಗೆ ನೀರು ಎಲ್ಲಿಂದ? ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಅದನ್ನು ಮನುಷ್ಯರ ತೊಂದರೆ ಅಂತಷ್ಟೇ ನೋಡುತ್ತೇವೆ. ದನಕ್ಕೂ ಲೀಟರಿಗೆ 2 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಿ ಸವೆಯುತ್ತದೆ, ಮೇವು ಅಗಿಯಲು ಕಷ್ಟ, ನಡೆ ಕುಂಟುತ್ತದೆ. ಹಳ್ಳದ ನೀರು ತಪ್ಪಿಸಿ ಬೋರಿನ ನೀರು ಕೊಡುವ ಮೊದಲು ಒಂದು ಬಾಟಲಿ ಪರೀಕ್ಷೆಗೆ ಕೊಡಿ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದಲ್ಲಿ ಇನ್ನೂ ಜೀವ ಹಿಡಿದಿರುವ ತಲಪರಿಗೆ ಹತ್ತಿರವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮರಳಪದರದಿಂದ ತಾನೇ ಒಸರುವ ನೀರು, ಮೋಟಾರ್ ಬೇಕಿಲ್ಲ. ತಲಪರಿಗೆಗಿಂತ ತಗ್ಗಿನಲ್ಲಿ ತೊಟ್ಟಿ ಇಟ್ಟರೆ ಪೈಪು ಸಾಕು. ದನವನ್ನು ಮಾತ್ರ ತಲಪರಿಗೆಯೊಳಕ್ಕೇ ಇಳಿಸಬಾರದು. ಊಟೆಯ ಬಾಯಿ ತುಳಿದು ಹೂಳು ಕಟ್ಟಿದರೆ ಹೋಯಿತು. ಪೈಪು ಹಾಕುವ ಮೊದಲು ಅದರ ಹೂಳು ತೆಗೆಯುವ ಊರವರನ್ನು ಕೇಳಿ ಮಾಡುವುದು ಮರ್ಯಾದೆ.

ಈಗ ಪೆಟ್ಟಿಗೆ ಬಿಚ್ಚೋಣ.

ಮಷೀನು ಮಾಡುವ ಕೆಲಸ ಸರಳ. ಸೆಕೆಂಡಿಗೂ ಸ್ವಲ್ಪ ಹೆಚ್ಚಿನ ಅಂತರದಲ್ಲಿ ಒಂದೊಂದು ಹೊಡೆತ, ಏಳೆಂಟು ಸಾವಿರ ವೋಲ್ಟ್, ಒಂದೊಂದೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಮ್ಮಿ ಹೊತ್ತು. ಈ ಚುಟುಕು ಹೊಡೆತದಿಂದಲೇ ಪ್ರಾಣಿ ಬೆಚ್ಚುತ್ತದೆ, ಸಾಯುವುದಿಲ್ಲ. ಮಷೀನಿನ ಮೇಲೆ ಸುರಕ್ಷತೆಯ ಮಾನಕದ ಸಂಖ್ಯೆ, ಐಎಸ್ 302-2-76 ಅಥವಾ ಐಇಸಿ 60335-2-76, ಅಂತ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಮನೆಯ 230 ವೋಲ್ಟ್ ಲೈನನ್ನು ನೇರ ಬೇಲಿಗೆ ಕೊಡುವುದು ಅಪರಾಧ ಅನ್ನುವುದಕ್ಕಿಂತ ಮೊದಲು ಅದು ಕೊಲೆ. ಹಳ್ಳದಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವ ಹುಡುಗರು ಓಡಾಡುತ್ತಾರೆ. ಮುಳ್ಳುತಂತಿಗೆ ಝಟ್ಕಾ ಕೊಡುವುದೂ ಕೂಡದು, ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾರದು. ಜನ ಹಾಯುವ ಕಡೆಯೆಲ್ಲ 10 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲದ ಹಳದಿ ಫಲಕ ತೂಗಹಾಕಿ.

ಪೆಟ್ಟಿಗೆಯ ಮೇಲೆ ‘40 ಎಕರೆಗೆ’ ಅಂತ ದಪ್ಪಕ್ಷರ ಇರುತ್ತದೆ. ಅದು ಒಂದು ಎಸಳು ಹುಲ್ಲೂ ತಾಕದ, ಮಳೆಯೇ ಬೀಳದ ಬೇಲಿಯ ಲೆಕ್ಕ. ಕೇಳಬೇಕಾದದ್ದು ಹೊರಬರುವ ಜೂಲ್ ಎಷ್ಟು ಅಂತ. ಒಳಗೆ ಕೂಡಿಡುವ ಜೂಲ್ ಅದಕ್ಕಿಂತ ಯಾವಾಗಲೂ ದೊಡ್ಡ ಸಂಖ್ಯೆ, ಅದನ್ನೇ ಮುದ್ರಿಸಿರುತ್ತಾರೆ. ಅರ್ಧ ಕಿಲೋಮೀಟರ್ ದಡಕ್ಕೆ ಹೊರಬರುವುದು 1 ಜೂಲ್ ಇದ್ದರೆ ಸಾಕು. ಬೇಲಿಯ ಕೊನೆಯ ಕಂಬದಲ್ಲಿ ಬೇಲಿಯ ವೋಲ್ಟೇಜ್ ಅಳೆಯುವ ಟೆಸ್ಟರ್ ಹಿಡಿದರೆ ದನಕ್ಕೆ 3,000, ಕುರಿ ಮೇಕೆಗೆ 4,000 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಕಿಟ್‌ನಲ್ಲಿ ಟೆಸ್ಟರ್ ಕೊಡುವುದಿಲ್ಲ ಅನ್ನುವುದು ಒಂದು ದೂರು. ಹುಲ್ಲುಗರಿ ತಾಕಿಸಿ ನೋಡುವ ಬದಲು ಅಂಕಿ ತೋರಿಸುವ ಟೆಸ್ಟರ್ ಕೊಂಡುಕೊಳ್ಳಿ.

ಬ್ಯಾಟರಿಗೆ ಎರಡೇ ಅಂಕ ಯಾಕೆ? 1 ಜೂಲಿನ ಮಷೀನು ಸರಾಸರಿ 150 ಮಿಲಿಆಂಪ್ ಎಳೆಯುತ್ತದೆ, ದಿನಕ್ಕೆ 3.6 ಆಂಪ್-ಗಂಟೆ. ಅಗ್ಗದ ಕಿಟ್‌ನ 7 ಆಂಪ್-ಗಂಟೆ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಹಾಗಾಗಿ ಮೋಡ ಕವಿದರೆ ಅದು ಕಾಯುವುದು ಒಂದೇ ದಿನ. ಚಿತ್ತೆಯ ಜಡಿ ಮೂರ್ನಾಲ್ಕು ದಿನ ಹಿಡಿಯುತ್ತದೆ, ದಡ ಮೆತ್ತಗಿರುವುದೂ ಅದೇ ದಿನಗಳಲ್ಲಿ. ಬೇಲಿ ಬೇಕೇ ಬೇಕಾದ ಹೊತ್ತಿಗೆ ಬೇಲಿ ಸತ್ತಿರುತ್ತದೆ. ನಾಲ್ಕು ದಿನಕ್ಕೆ ಲೆಕ್ಕ ಹಾಕಿದರೆ 29–30 ಆಂಪ್-ಗಂಟೆ ಬೇಕು, ಪ್ಯಾನೆಲ್ 20 ವ್ಯಾಟ್‌ಗೆ ಕಮ್ಮಿ ಬೇಡ, 40 ಆದರೆ ನಿಶ್ಚಿಂತೆ. ಮಷೀನು ಮಾತ್ರ ಕೊಂಡು ಬ್ಯಾಟರಿ ಬೇರೆ ತೆಗೆದುಕೊಳ್ಳುತ್ತೇವೆ ಅಂದರೆ ಕೆಲವು ಅಂಗಡಿಯವರು ಕೊಡುತ್ತಾರೆ, ಕೇಳಿ ನೋಡಿ.

ಅರ್ತಿಂಗ್‌ನಲ್ಲೇ ಈ ಕಿಟ್ ಪೂರ್ತಿ ಸೋಲುವುದು. ಝಟ್ಕಾ ಬೇಲಿಯಲ್ಲಿ ಕರೆಂಟು ತಂತಿಯಿಂದ ಪ್ರಾಣಿಯ ಮೈಗೆ, ಗೊರಸಿನಿಂದ ನೆಲಕ್ಕೆ, ನೆಲದಿಂದ ಸಲಾಕೆಗೆ, ಸಲಾಕೆಯಿಂದ ಮಷೀನಿಗೆ ಸುತ್ತು ಬಂದರೆ ಮಾತ್ರ ಹೊಡೆತ. ಪೆಟ್ಟಿಗೆಯಲ್ಲಿ ಕೊಡುವ ಮೂರಡಿ ಸಲಾಕೆ ಸುತ್ತಿಗೆಯ ನಾಲ್ಕು ಏಟಿಗೆ ಇಳಿದುಬಿಡುತ್ತದೆ, ಕಟ್ಟುವವರಿಗೆ ಅದೇ ಖುಷಿ. ಮಳೆಗಾಲದಲ್ಲಿ ಹೇಗೋ ನಡೆಯುತ್ತದೆ. ಮಾರ್ಚಿ ಹೊತ್ತಿಗೆ ಮೇಲಿನ ಮೂರಡಿ ಮಣ್ಣು ಹುರಿದ ಹಾಗಾಗಿ, ಮಷೀನು ಟಕ್ ಟಕ್ ಅನ್ನುತ್ತಲೇ ಇರುತ್ತದೆ, ದನ ತಂತಿಯನ್ನು ಎದೆಯಿಂದ ತಳ್ಳಿಕೊಂಡು ಹೋಗುತ್ತಿರುತ್ತದೆ. ಆಗ ಬೈಸಿಕೊಳ್ಳುವುದು ಪಾಪದ ಮಷೀನು.

ಬೇಕಾದದ್ದು ಇಷ್ಟು: ಆರಡಿ ಉದ್ದದ ಜಿಐ (ಸತುವಿನ ಲೇಪನದ ಕಬ್ಬಿಣ) ಸಲಾಕೆ ಮೂರು, ಒಂದಕ್ಕೊಂದು ಮೂರು ಮೀಟರ್ ಅಂತರ, ಜಿಐ ತಂತಿಯಿಂದಲೇ ಜೋಡಣೆ. ತಾಮ್ರದ ತಂತಿ ಸುತ್ತಬೇಡಿ, ಜಿಐಗೆ ತಾಮ್ರ ತಾಕಿದ ಕಡೆ ತುಕ್ಕು ತಿಂದು ಒಂದು ಮಳೆಗಾಲದಲ್ಲಿ ಜೋಡಣೆ ಸಡಿಲವಾಗುತ್ತದೆ. ಮನೆ ಅಥವಾ ಪಂಪ್‌ಸೆಟ್ಟಿನ ಅರ್ತ್‌ನಿಂದ 10 ಮೀಟರ್ ದೂರ. ನಾಲ್ಕಡಿಗೇ ಬಂಡೆ ಸಿಗುವ ನೆಲವಾದರೆ ಸಲಾಕೆಯನ್ನು ಓರೆಯಾಗಿ ಹೊಡೆಯಿರಿ. ಮಷೀನು ಮೇಲುನೆಲದಲ್ಲಿದ್ದರೂ ಸಲಾಕೆ ಅಲ್ಲೇ ಇರಬೇಕೆಂದೇನಿಲ್ಲ. ಒಂದು ತಂತಿ ಎಳೆದು ಹಳ್ಳದ ಬದಿಯ ತಂಪು ನೆಲದಲ್ಲಿ, ಆದರೆ ನೀರು ಕೊಚ್ಚದ ಕಡೆ ಹೊಡೆಯಬಹುದು. ಒಣನಾಡಿನ ಬೇಲಿಗೆ ಹಳ್ಳ ಕೊಡುವ ಅನುಕೂಲ ಅದೊಂದೇ.

ಸರಿಯಾಗಿದೆಯೇ ಅಂತ ನೋಡುವ ಬಗೆ: ಮಷೀನು ಆರಿಸಿ, 100 ಮೀಟರ್ ದೂರದಲ್ಲಿ ಮೂರ್ನಾಲ್ಕು ಕಬ್ಬಿಣದ ಸರಳು ನೆಲಕ್ಕೆ ಚುಚ್ಚಿ ತಂತಿಗೆ ಒರಗಿಸಿ, ಮತ್ತೆ ಹಾಕಿ. ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯಬೇಕು. ಆಗ ಟೆಸ್ಟರಿನ ಒಂದು ತುದಿ ಕೊನೆಯ ಅರ್ತ್ ಸಲಾಕೆಗೆ, ಇನ್ನೊಂದು ಅಲ್ಲಿಂದ ಒಂದು ಮೀಟರ್ ಆಚೆ ನೆಲಕ್ಕೆ. 300 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಸಲಾಕೆ ಸಾಲದು, ನಾಲ್ಕನೆಯದು ಹೊಡೆಯಿರಿ. ಎಷ್ಟು ಸರಳು ಒರಗಿಸಿದರೂ ಬೇಲಿಯ ವೋಲ್ಟೇಜ್ ಇಳಿಯುತ್ತಲೇ ಇಲ್ಲವೆಂದರೆ ನೆಲವೇ ಕರೆಂಟು ಹಾಯಿಸುತ್ತಿಲ್ಲ ಅಂತ ಅರ್ಥ. ಶಿರಾ, ಪಾವಗಡದ ಬೇಸಿಗೆಯಲ್ಲಿ ಇದು ಮಾಮೂಲು. ಆಗ ನೆಲವನ್ನು ನಂಬದೆ ಒಂದು ತಂತಿಯನ್ನೇ ಅರ್ತ್ ಮಾಡಿ: ದನದ ಬೇಲಿಗೆ 80 ಸೆಂ.ಮೀ. ಎತ್ತರದ್ದು ಕರೆಂಟಿನದು, 50 ಸೆಂ.ಮೀ.ದು ಅರ್ತ್. ಎರಡರ ನಡುವೆ ತಲೆ ತೂರಿಸಿದ ದನಕ್ಕೆ ಎರಡೂ ತಾಕಿ ಸರಿಯಾಗಿ ಬೀಳುತ್ತದೆ. ಕುರಿಯೂ ಇದ್ದರೆ 20, 40, 65, 90 ಸೆಂ.ಮೀ.ಗೆ ನಾಲ್ಕು ತಂತಿ, ಒಂದು ಬಿಟ್ಟು ಒಂದು ಅರ್ತ್. ಮೇಕೆಗೆ ನಾಲ್ಕೂ ಸಾಲದು, ಮೇಕೆಯ ವಿಷಯದಲ್ಲಿ ಈ ಕಿಟ್ ಬಗ್ಗೆ ಭರವಸೆ ಕೊಡುವ ಅಂಗಡಿಯವರು ಮೇಕೆ ಸಾಕಿದವರಲ್ಲ. ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಿತ ಪ್ರದೇಶದ ಆಸುಪಾಸಿನವರು ಕೆಳತಂತಿಯನ್ನು 50 ಸೆಂ.ಮೀ.ಗಿಂತ ತಗ್ಗಿಸದಿದ್ದರೆ ಒಳ್ಳೆಯದು, ತಂತಿಯ ಕೆಳಗೆ ನುಸುಳಿ ಹೋಗುವ ಕೃಷ್ಣಮೃಗಕ್ಕೂ ಹಳ್ಳದ ನೀರು ಬೇಕು.

ತಂತಿಯನ್ನು ಮೀಟರಿನಲ್ಲಿ ಮಾರುವುದಿಲ್ಲ, ಕೆ.ಜಿ. ಲೆಕ್ಕ. 14 ಗೇಜಿನ ಜಿಐ ತಂತಿ ಕೆ.ಜಿ.ಗೆ ಸುಮಾರು 39 ಮೀಟರ್ ಬರುತ್ತದೆ, 12 ಗೇಜಿನದು 23 ಮೀಟರ್. 600 ಮೀಟರ್ ಬೇಲಿಗೆ ಎರಡು ಸಾಲು 14 ಗೇಜ್ ಎಳೆಯಲು 31 ಕೆ.ಜಿ., ಗಂಟಿಗೂ ಮಡಿಕೆಗೂ ಸೇರಿಸಿ 33 ಅನ್ನಿ. ಪ್ಲಾಸ್ಟಿಕ್ ಹುರಿಯೊಳಗೆ ಸ್ಟೀಲ್ ಎಳೆ ಹೆಣೆದ ಪಾಲಿವೈರ್ ಕಟ್ಟುವುದು ಬಿಚ್ಚುವುದು ಸುಲಭ, ಆದರೆ ಆರೆಳೆಯ ಅಗ್ಗದ ಪಾಲಿವೈರ್ ಕಿಲೋಮೀಟರಿಗೆ 3,500 ಓಮ್‌ಗೂ ಹೆಚ್ಚು ತಡೆಯುತ್ತದೆ; 14 ಗೇಜ್ ತಂತಿ ಬರೀ 50ರ ಆಸುಪಾಸು. ಒಳಗಿನ ತಾತ್ಕಾಲಿಕ ಭಾಗ ಮಾಡಲು ಇನ್ನೂರು ಮೀಟರ್‌ವರೆಗೆ ಪಾಲಿವೈರ್ ಸರಿ, ಮುಖ್ಯ ಬೇಲಿಗೆ ಬೇಡ. ಕಂಬಕ್ಕೆ ನಮ್ಮ ಕಲ್ಲುಕೂಚವೇ ಚೆನ್ನ, 8 ಮೀಟರಿಗೊಂದು. ಒಣಗಿದ ಕಲ್ಲಿನಲ್ಲಿ ಕರೆಂಟು ಹಾಯುವುದಿಲ್ಲ ಅಂತ ಇನ್ಸುಲೇಟರ್ ಇಲ್ಲದೆ ಸುತ್ತುವವರಿದ್ದಾರೆ. ಮಳೆಯಲ್ಲಿ ನೆನೆದ ಕಲ್ಲು ಸೋರಿಸುತ್ತದೆ.

ಬೇಲಿ ಎಲ್ಲಿ? ದಡದ ಅಂಚಿಗೇ ಅಂಟಿಸಿದರೆ ಎರಡನೇ ವರ್ಷ ಕಂಬ ಹಳ್ಳದೊಳಗೆ ಬಿದ್ದಿರುತ್ತದೆ. ನೇರ ಇರುವ ಕಡೆ ದಡದ ತಲೆಯಿಂದ 8–10 ಮೀಟರ್ ಹಿಂದೆ, ನೀರು ಬಡಿದು ಕೊರೆಯುವ ತಿರುವಿನ ಹೊರಮಗ್ಗುಲಲ್ಲಿ ಇನ್ನೂ ಹಿಂದೆ. ಒಳಮಗ್ಗುಲಲ್ಲಿ 5 ಮೀಟರ್ ಸಾಕು. ಹೋದ ಸಲದ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದಕ್ಕೆ ಲಕ್ಕಿ ಗಿಡದ ಕೊಂಬೆಗೆ ಸಿಕ್ಕಿ ಒಣಗಿದ ಕಸಕಡ್ಡಿಯೇ ಸಾಕ್ಷಿ. ಮೂಲೆಕಂಬಗಳು ಆ ಗೆರೆಯಿಂದ ಆಚೆಗಿರಲಿ. ಹಳ್ಳ ಬಿ ಖರಾಬು, ಅಂದರೆ ಸರ್ಕಾರದ್ದು, ಸಾರ್ವಜನಿಕರದ್ದು. ಕಂಬ ನಿಮ್ಮ ಸರ್ವೆ ನಂಬರಿನ ಒಳಗೇ ಇರಬೇಕು. ಗೋಮಾಳಕ್ಕೆ ಒಬ್ಬರೇ ಹೋಗಿ ಬೇಲಿ ಬಡಿಯುವಂತಿಲ್ಲ, ಅಲ್ಲಿ ಪಂಚಾಯ್ತಿ ಸೇರಿಸಿ ತೊಟ್ಟಿ ಕಟ್ಟಿಸುವುದೇ ದಾರಿ.

ಹಳ್ಳ ದಾಟಿಸಿ ಬೇಲಿ ಒಯ್ಯುವ ಜಾಗ ತಲೆನೋವಿನದು. ಅಡ್ಡಲಾಗಿ ನಾಲ್ಕು ಸಾಲು ತಂತಿ ಬಿಗಿದರೆ ಮೊದಲ ನೆರೆಯ ಕಸ ತಂತಿಗೆ ಸಿಕ್ಕಿ, ಅಣೆಕಟ್ಟಿನಂತೆ ನಿಂತು, ಎರಡೂ ದಡದ ಕಂಬಗಳನ್ನು ಬುಡಸಮೇತ ಎಳೆದುಕೊಂಡು ಹೋಗುತ್ತದೆ. ಅದರ ಬದಲು ನೆರೆಯ ಗೆರೆಗಿಂತ ಎತ್ತರಕ್ಕೆ ಒಂದೇ ತಂತಿ ಎಳೆದು, ಅದರಿಂದ 15–20 ಸೆಂ.ಮೀ.ಗೊಂದರಂತೆ ಬಿಡಿ ತಂತಿ ಅಥವಾ ಸಣ್ಣ ಸರಪಳಿ ಇಳಿಬಿಡಿ. ತುದಿ ಮರಳಿನಿಂದ ಒಂದು ಗೇಣು ಮೇಲಿರಲಿ. ಕಸ ಬಂದರೆ ಸರಪಳಿ ಪರದೆಯ ಹಾಗೆ ಹಿಂದಕ್ಕೆ ತೂಗಿ ದಾರಿ ಬಿಡುತ್ತದೆ. ಮೇಲ್ತಂತಿಯ ಒಂದು ತುದಿಯನ್ನು ತೆಂಗಿನ ನಾರಿನ ಹಗ್ಗದಿಂದ ಕಟ್ಟಿದರೆ ದೊಡ್ಡ ನೆರೆಗೆ ಹಗ್ಗ ಹರಿದು ಕಂಬ ಉಳಿಯುತ್ತದೆ. ಇನ್ನೊಂದು ಸಂಗತಿ: ನೀರು ಏರಿ ಸರಪಳಿ ಮುಟ್ಟಿದ ಕ್ಷಣ ಇಡೀ ಬೇಲಿಯ ಕರೆಂಟು ಹಳ್ಳಕ್ಕೆ ಸೋರುತ್ತದೆ. ಹೊರದೇಶಗಳಲ್ಲಿ ಇದಕ್ಕೆಂದೇ ಸೋರಿಕೆ ತಡೆಯುವ ಪುಟ್ಟ ಪೆಟ್ಟಿಗೆ ಮಾರುತ್ತಾರೆ. ಇಲ್ಲಿ ಅದು ಸಿಗದಿದ್ದರೆ ಪರದೆಗೆ ಬೇರೆ ಸ್ವಿಚ್ ಹಾಕಿ, ಮೋಡ ಕಟ್ಟಿದಾಗ ಆರಿಸಬೇಕು. ಹಾಗೆ ಮಾಡದಿದ್ದರೆ ಸೈರನ್ ರಾತ್ರಿಯಿಡೀ ಕೂಗುತ್ತದೆ, ಮೂರನೇ ರಾತ್ರಿ ಮನೆಯವರೇ ಅದರ ತಂತಿ ಕೀಳುತ್ತಾರೆ. ಹಳ್ಳದ ಬೇಲಿಗೆ ಸೈರನ್ ಉಪಯೋಗಕ್ಕಿಂತ ಉಪದ್ರವವೇ ಜಾಸ್ತಿ.

ದನ ಆಚೆ ದಡಕ್ಕೆ ಹೋಗಲೇಬೇಕೆಂದರೆ ನೇರ ಇರುವ ಕಡೆ, ಹಳ್ಳಕ್ಕೆ ಅಡ್ಡಲಾಗಿ, ನಾಲ್ಕು ಮೀಟರ್ ಅಗಲದ ಒಂದೇ ದಾಟು ಮಾಡಿ. ಆರಡಿಗೆ ಒಂದಡಿಗಿಂತ ಕಡಿದಾದ ಇಳಿಜಾರು ಬೇಡ. ಅರ್ಧ ಅಡಿ ದಪ್ಪಕ್ಕೆ ಮುಷ್ಟಿಗಾತ್ರದ ಒರಟು ಕಲ್ಲು ಹಾಸಿ. ನುಣುಪು ಚಪ್ಪಡಿಯ ಮೇಲೆ ಪಾಚಿ ಕಟ್ಟಿ ದನ ಕಾಲು ಮುರಿದುಕೊಳ್ಳುತ್ತದೆ. ಒರಟು ಕಲ್ಲಿನ ಇನ್ನೊಂದು ಗುಣ, ಅದರ ಮೇಲೆ ನಿಂತು ಮೆಲುಕು ಹಾಕಲು ದನಕ್ಕೆ ಹಿತವಾಗುವುದಿಲ್ಲ, ದಾಟಿ ಮುಂದೆ ಹೋಗುತ್ತದೆ.

ಬೇಲಿಯೊಳಗಿನ ಹುಲ್ಲನ್ನು ಎಂದೂ ಮೇಯಿಸಬಾರದು ಅಂತೇನಿಲ್ಲ. ಹುಬ್ಬೆ ಮಳೆಯಿಂದ ದಡ ಒಣಗಿ ಗೊರಸು ಇಳಿಯದಷ್ಟು ಗಟ್ಟಿಯಾಗುವವರೆಗೆ ಪೂರ್ತಿ ಬಂದ್. ಆಮೇಲೆ ಜನವರಿ–ಫೆಬ್ರವರಿಯಲ್ಲಿ ಪಾಲಿವೈರಿನಿಂದ ತುಂಡು ಮಾಡಿ ಒಂದೊಂದು ತುಂಡಿಗೆ ಎರಡು ಮೂರು ದಿನ ಬಿಡಿ, ಹುಲ್ಲು ಅರ್ಧ ಗೇಣಿಗೆ ಬಂದ ಕೂಡಲೇ ಹೊರಕ್ಕೆ. ಆ ಅರ್ಧ ಗೇಣು ಹುಲ್ಲೇ ಮುಂದಿನ ನೆರೆಯ ಹೂಳನ್ನು ಹಿಡಿದು ದಡಕ್ಕೆ ಸೇರಿಸುವುದು. ದನಕ್ಕೆ ಮೊದಲೇ ಪಾಠವಾಗಿರಬೇಕು: ಕೊಟ್ಟಿಗೆಯ ಹತ್ತಿರ ಹತ್ತು ಮೀಟರ್ ಚೌಕದಲ್ಲಿ ಝಟ್ಕಾ ತಂತಿ ಕಟ್ಟಿ ಎರಡು ದಿನ ಬಿಟ್ಟರೆ ಮೂಗು ತಾಕಿಸಿ ಕಲಿತುಬಿಡುತ್ತವೆ. ಕುರಿಯ ಮೈಗೆ ತಾಕಿದರೆ ಉಣ್ಣೆ ಹೊಡೆತವನ್ನು ತಡೆಯುತ್ತದೆ, ಮೂಗಿಗೇ ತಾಕಬೇಕು. ಉಣ್ಣೆ ಕತ್ತರಿಸಿದ ವಾರದಲ್ಲಿ ಕಲಿಸುವುದು ಒಳ್ಳೆಯದು.

ಬೇಲಿ ಹಾಕಿ ಕೈಕಟ್ಟಿ ಕೂತರೆ ಹೊಂಗೆ, ನೇರಳೆ, ಹೊಳೆಮತ್ತಿ ತಾವಾಗಿ ಬರುತ್ತವೆ ಅಂದುಕೊಳ್ಳಬೇಡಿ. ಮೊದಲು ಬರುವುದು ಬಳ್ಳಾರಿ ಜಾಲಿ. ಅದರ ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ವರ್ಷಗಳಿಂದ ದಡದಲ್ಲಿ ಬಿದ್ದಿರುತ್ತದೆ, ಮೇಯುವ ಬಾಯಿ ತಪ್ಪಿದ ಕೂಡಲೇ ಏಳುತ್ತದೆ. ಮೊಣಕಾಲೆತ್ತರ ಇರುವಾಗ, ನೆಲ ಹಸಿ ಇರುವಾಗ ಬೇರುಸಮೇತ ಕಿತ್ತರೆ ಕೈಯಲ್ಲಾಗುತ್ತದೆ. ಬುಡಕ್ಕೆ ಕತ್ತರಿಸಿದರೆ ಒಂದಕ್ಕೆ ಐದಾಗಿ ಚಿಗುರುತ್ತದೆ. ಜೂನ್‌ನಲ್ಲಿ ದಡದ ಬುಡಕ್ಕೆ ಲಾವಂಚದ ಕಂತೆ, ಒಂದು ಗೇಣಿಗೆ ಒಂದು, ಮೇಲಂಚಿಗೆ ಲಕ್ಕಿ ಕಡ್ಡಿ ನೆಟ್ಟರೆ ಎರಡೂ ದನ ಅಷ್ಟಾಗಿ ಮುಟ್ಟದ ಗಿಡಗಳು, ತಂತಿ ಸಡಿಲಾದ ದಿನವೂ ಉಳಿದುಕೊಳ್ಳುತ್ತವೆ. ಹುಲ್ಲು ಬೆಳೆದು ಕೆಳತಂತಿ ಮುಟ್ಟುತ್ತದೆಂದು ಕಳೆನಾಶಕ ಹೊಡೆಯುವುದು ಮಾತ್ರ ಬೇಡ, ಅದು ಹರಿದು ಹಳ್ಳಕ್ಕೇ ಹೋಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕುಡುಗೋಲು ಹಿಡಿಯಲೇಬೇಕು.

ಕೊಳ್ಳುವಾಗ ಬಿಲ್ಲಿನ ಮೇಲೆ ಹೊರಬರುವ ಜೂಲ್ ಎಷ್ಟೆಂದು ಬರೆಸಿ, ಬ್ಯಾಟರಿಯ ತಯಾರಿಕೆ ತಿಂಗಳು ನೋಡಿ. ಆರು ತಿಂಗಳಿಂದ ಚಾರ್ಜ್ ಇಲ್ಲದೆ ಕಪಾಟಿನಲ್ಲಿ ಕೂತ ಸೀಸದ ಬ್ಯಾಟರಿ ಹೊಸದಲ್ಲ. ಮಷೀನಿನ ಗ್ಯಾರಂಟಿಯಲ್ಲಿ ಸಿಡಿಲಿನ ಹೊಡೆತ ಸೇರಿದೆಯೇ ಅಂತಲೂ ಕೇಳಿ. ಹೆಚ್ಚಾಗಿ ಸೇರಿರುವುದಿಲ್ಲ, ಕೇಳುವವರೆಗೆ ಯಾರೂ ಹೇಳುವುದೂ ಇಲ್ಲ. ಭರಣಿ, ಕೃತ್ತಿಕೆಯ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಬೇಲಿಯ ತಂತಿ ಮತ್ತು ಅರ್ತ್ ತಂತಿ ಎರಡನ್ನೂ ಮಷೀನಿನಿಂದ ಬಿಚ್ಚಿ ಒಂದು ಮಾರು ದೂರ ಇಡಿ.